ಕೊಟ್ಟೂ ಬಿಡದ ರಾಯರು

ನಮ್ಮ ಬೀದಿಯ ರಾಯರು ಜೀವಮಾನದಲ್ಲಿ ಒಂದು ವಸ್ತುವನ್ನೂ ಬಿಸಾಡಿದವರಲ್ಲ, ಮಾರಿದವರೂ ಅಲ್ಲ. ಅವರು ಕೊಡುತ್ತಾರೆ. ಬಿಸಾಡಿದರೆ ವಸ್ತು ಹೋಯಿತು. ಮಾರಿದರೆ ದುಡ್ಡು ಕೈಗೆ ಬಂದು ಋಣ ಹರಿಯಿತು. ಕೊಟ್ಟರೆ ಮಾತ್ರ ಅದು ಇನ್ನೊಬ್ಬರ ಮನೆಯ ಜಾಗ ತಿಂದುಕೊಂಡು, ಇನ್ನೊಬ್ಬರ ಮನೆಯ ಧೂಳು ಕುಡಿದುಕೊಂಡು, ರಾಯರದ್ದಾಗಿಯೇ ಉಳಿಯುತ್ತದೆ. ಈ ಸೂಕ್ಷ್ಮ ನಮಗೆ ಹೊಳೆದದ್ದು ಅವರು ಮೈಸೂರು ಬಿಟ್ಟು ನೋಯ್ಡಾಕ್ಕೆ ಹೊರಟಾಗ. ಅಷ್ಟು ಹೊತ್ತಿಗೆ ಅರ್ಧ ಬೀದಿ ಸಿಕ್ಕಿಬಿದ್ದಿತ್ತು.

ರಾಯರು ಅಂದರೆ ಇವರೊಬ್ಬರೇ ಅಂತಲ್ಲ. ನಮ್ಮ ಕುವೆಂಪುನಗರದಲ್ಲಿ ಒಬ್ಬರಿದ್ದರೆ ಬೆಂಗಳೂರಿನ ಜಯನಗರದಲ್ಲಿ ಹತ್ತು ಜನರಿದ್ದಾರೆ, ಧಾರವಾಡದ ಮಾಳಮಡ್ಡಿಯಲ್ಲಿ ಅವರ ಷಡ್ಡಕರಿದ್ದಾರೆ. ಗುರುತು ಹಿಡಿಯುವುದು ಕಷ್ಟವಲ್ಲ. ನಿವೃತ್ತರು, ಸ್ವಂತ ಮನೆ, ಮನೆಗೊಂದು ಅಟ್ಟ, ಅಟ್ಟಕ್ಕೊಂದು ಏಣಿ, ಏಣಿ ಜಾರದಿರಲೆಂದು ಅದರ ಕಾಲಿಗೆ ಸುತ್ತಿದ ಹಳೇ ಸೈಕಲ್ ಟ್ಯೂಬಿನ ತುಂಡು. ನಡುಮನೆಯ ಮೊಳೆಯಲ್ಲಿ ಈ ವರ್ಷದ ಒಂಟಿಕೊಪ್ಪಲ್ ಪಂಚಾಂಗ, ಅದರ ಹಿಂದೆ ಹೋದ ವರ್ಷದ್ದು, ಅದರ ಹಿಂದೆ ಅದರಾಚೆಯದು. ಮಗನೋ ಮಗಳೋ ವಿಂಧ್ಯದ ಆಚೆ, ಇಲ್ಲವೇ ಸಮುದ್ರದ ಆಚೆ. ಒಂದು ದಿನ ಆ ಮಗ ವಿಡಿಯೊ ಕಾಲಿನಲ್ಲಿ, "ಅಪ್ಪಾ, ಇಲ್ಲಿ ಎಲ್ಲಾ ಇದೆ. ನೀನೂ ಅಮ್ಮನೂ ಎರಡು ಸೂಟ್‌ಕೇಸ್ ಹಿಡ್ಕೊಂಡು ಬಂದ್ಬಿಡಿ" ಅನ್ನುತ್ತಾನೆ. ಬರುವುದಕ್ಕೆ ರಾಯರ ಅಡ್ಡಿಯಿಲ್ಲ. 'ಎಲ್ಲಾ ಇದೆ' ಅನ್ನುವುದೇ ಅವರಿಗೆ ಹಿಡಿಸದ ಮಾತು.

"ಬತ್ತಿ ಸ್ಟೌ ಇದೆಯೇನೋ?" ಅಂತ ಕೇಳುತ್ತಾರೆ.

ನಮ್ಮ ರಾಯರು ಮೈಸೂರು ಬ್ಯಾಂಕಿನಲ್ಲಿದ್ದವರು. 1913ರಲ್ಲಿ ಹುಟ್ಟಿದ ಆ ಬ್ಯಾಂಕು 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು. ಆದರೆ ಅದರ ಡೈರಿ, ಕ್ಯಾಲೆಂಡರು, ಠೇವಣಿ ಸಪ್ತಾಹದ ಬಟ್ಟೆ ಚೀಲ, ಪಿನ್ನು ಚುಚ್ಚುವ ಸ್ಪಂಜಿನ ಡಬ್ಬಿ ಎಲ್ಲವೂ ರಾಯರ ಅಟ್ಟದಲ್ಲಿ ವಿಲೀನವಾಗದೆ ಉಳಿದಿದ್ದವು. ಬ್ಯಾಂಕಿನ ಕೆಲಸವೆಂದರೆ ಮೂರು ನಾಲ್ಕು ವರ್ಷಕ್ಕೊಮ್ಮೆ ವರ್ಗ. ವರ್ಗವಾದರೆ ಲಾರಿ ಬಾಡಿಗೆ ಬ್ಯಾಂಕಿನದು. ರೋಗದ ಮೂಲ ಇಲ್ಲಿದೆ ಎಂದು ನನ್ನ ಅನುಮಾನ. ಕೈಯಿಂದ ಕಾಸು ಬಿಚ್ಚಿ ಸಾಗಿಸಬೇಕಾದವನು ಊರು ಬಿಡುವಾಗ ನಾಲ್ಕು ಸಾಮಾನು ಬಿಟ್ಟು ಹೋಗುತ್ತಾನೆ. ಬ್ಯಾಂಕು ಕೊಡುವುದಾದರೆ ಲಾರಿಯಲ್ಲಿ ಜಾಗ ಉಳಿದರೆ ಅದೇ ನಷ್ಟ. ಹೀಗೆ ಶಿರಸಿಯಿಂದ ಬೆತ್ತದ ಕುರ್ಚಿ ಬಂತು, ಚಳ್ಳಕೆರೆಯಿಂದ ಕಂಬಳಿ ಬಂತು, ಚನ್ನಪಟ್ಟಣದಿಂದ ಮಗು ಹಿಡಿದುಕೊಂಡು ನಡೆಯುವ ಮರದ ಗಾಡಿ ಬಂತು. ಆ ಮಗುವಿಗೆ ಈಗ ಕೂದಲು ಉದುರುತ್ತಿದೆ. ಹೊಸಪೇಟೆ ಕಡೆ ಶಾಖೆಗಳಲ್ಲಿ ಇದ್ದಷ್ಟು ಸಲವೂ ಬೀಳ್ಕೊಡುಗೆಗೆ ಗಾಜಿನ ಪೆಟ್ಟಿಗೆಯೊಳಗಿನ ಹಂಪಿಯ ಕಲ್ಲಿನ ರಥವನ್ನೇ ಕೊಟ್ಟರು. ರಾಯರ ಶೋಕೇಸಿನಲ್ಲಿ ಮೂರು ರಥಗಳು ಒಂದರ ಹಿಂದೊಂದು ನಿಂತಿರುತ್ತಿದ್ದವು, ಮುಂದಕ್ಕೆ ಹೋಗಲು ದಾರಿಯಿಲ್ಲದೆ.

ಈಗಿನದು ಅವರು ಸ್ವಂತ ದುಡ್ಡಿನಲ್ಲಿ ಮಾಡುತ್ತಿರುವ ಮೊದಲ ವರ್ಗ. ಮೈಸೂರಿನಿಂದ ನೋಯ್ಡಾಕ್ಕೆ ಸುಮಾರು 2,300 ಕಿಲೋಮೀಟರ್. ಪ್ಯಾಕರ್ಸ್‌ನವರು ಘನ ಅಡಿ ಲೆಕ್ಕದಲ್ಲಿ ದರ ಹೇಳಿದರು. ಘನ ಅಡಿ ಎಂದಾಗ ರಾಯರು ಒಮ್ಮೆ ಅಟ್ಟದ ಕಡೆ, ಒಮ್ಮೆ ಪಾಸ್‌ಬುಕ್ಕಿನ ಕಡೆ ನೋಡಿದರು. ಮಗನ ಮನೆ ಹದಿನಾಲ್ಕನೇ ಮಹಡಿಯಲ್ಲಿ. ಈಜುಕೊಳ ಇದೆ, ಜಿಮ್ ಇದೆ, ನಾಯಿ ಓಡಾಡಿಸಲು ಬೇರೆ ಜಾಗ ಇದೆ, ಅಟ್ಟ ಮಾತ್ರ ಇಲ್ಲ. "ಅಟ್ಟ ಇಲ್ಲದ ಮನೆ ಕಟ್ಟೋಕೆ ಇವರಿಗೆ ಪರ್ಮಿಷನ್ ಕೊಟ್ಟವರು ಯಾರು?" ಎಂದು ರಾಯರು ನನ್ನನ್ನು ಕೇಳಿದರು. ನಾನು ಕೊಟ್ಟಿರಲಿಲ್ಲ.

ಕೊನೆಗೆ ಸಾಮಾನು ಇಳಿಸುವುದೆಂದು ತೀರ್ಮಾನವಾಯಿತು. ಉದ್ದನೆಯ ನೋಟ್‌ಬುಕ್ಕಿಗೆ ಸ್ಕೇಲಿನಲ್ಲಿ ಗೆರೆ ಎಳೆದು ಮೂರು ಕಾಲಂ ಮಾಡಿದರು: ಒಯ್ಯುವುದು, ಕೊಡುವುದು, ಯೋಚಿಸುವುದು. ಸಂಜೆ ಸಂಜೆ ಮೂರನ್ನೂ ಕೂಡಿ ಟ್ಯಾಲಿ ಮಾಡಿ ಸಹಿ ಹಾಕುತ್ತಿದ್ದರು. 'ಒಯ್ಯುವುದು' ಎಂಬುದರಲ್ಲಿ ಪುಟ ತುಂಬಿ ಸೇರ್ಪಡೆ ಹಾಳೆ ಅಂಟಿಸಬೇಕಾಯಿತು. 'ಕೊಡುವುದು' ಎಂಬುದರಲ್ಲಿ ಎದುರುಮನೆಯವರ ಏಣಿ ಒಂದಿತ್ತು. ಅದು ಅವರದೇ. ಉಳಿದದ್ದೆಲ್ಲ ಯೋಚನೆಯಲ್ಲಿತ್ತು.

ಸೊಸೆ ದೂರದಿಂದಲೇ ನೆರವಿಗೆ ಬಂದಳು. ಮೇರಿ ಕೊಂಡೊ ಎಂಬ ಜಪಾನಿ ಹೆಂಗಸಿನ ವಿಡಿಯೊ ಕಳಿಸಿದಳು. 2011ರಲ್ಲಿ ಜಪಾನಿನಲ್ಲಿ ಬಂದ ಆಕೆಯ ಪುಸ್ತಕ ಆಮೇಲೆ ಲೋಕವನ್ನೆಲ್ಲ ಸುತ್ತಿದೆ. ಒಂದೊಂದೇ ವಸ್ತುವನ್ನು ಕೈಯಲ್ಲಿ ಹಿಡಿದು ನೋಡು, ಮನಸ್ಸು ಅರಳಿದರೆ ಇಟ್ಟುಕೋ, ಇಲ್ಲದಿದ್ದರೆ ಅದಕ್ಕೊಂದು ಥ್ಯಾಂಕ್ಸ್ ಹೇಳಿ ಕಳಿಸಿಬಿಡು ಎನ್ನುವುದು ಆಕೆಯ ಸೂತ್ರ. "ಹೆಸರು ಕೊಂಡೊ, ಹೇಳೋದು ಕೊಂಡದ್ದನ್ನ ಬಿಡು ಅಂತ" ಎಂದು ಗೊಣಗುತ್ತಲೇ ರಾಯರು ಪ್ರಯೋಗಕ್ಕೆ ಕೂತರು. ಮೊದಲು ಕೈಗೆ ಬಂದದ್ದು ಕರೆಂಟ್ ಬಿಲ್ಲಿನ ಕಟ್ಟು. ಕೆಇಬಿ ಕಾಲದಿಂದ ಹಿಡಿದು, 1999ರಲ್ಲಿ ಅದು ಕೆಪಿಟಿಸಿಎಲ್ ಆಗಿ, ಆಮೇಲೆ ನಮ್ಮ ಕಡೆಗೆ ಸೆಸ್ಕ್ ಬಂದು, ಈಗಿನ ಅಕ್ಷರ ಅಳಿಸಿಹೋಗುವ ಕಾಗದದವರೆಗೆ ಒಂದೂ ತಪ್ಪಿರಲಿಲ್ಲ. ಇಲ್ಲವಾದ ಇಲಾಖೆ ಎದ್ದು ಬಂದು ಬಾಕಿ ಕೇಳಿದರೂ ರಾಯರು ತಯಾರು. "ನೋಡೇ, ಒಂದು ತಿಂಗಳೂ ಫೈನ್ ಇಲ್ಲ" ಎಂದು ಹೆಂಡತಿಗೆ ತೋರಿಸಿದರು. ಮುಖ ಅರಳಿತು. ಸೂತ್ರದ ಪ್ರಕಾರ ಬಿಲ್ಲಿನ ಕಟ್ಟು ನೋಯ್ಡಾಕ್ಕೆ ಹೊರಟಿತು. ಹಿಂದೆಯೇ ಎಚ್‌ಎಂಟಿ ಗಡಿಯಾರದ ಖಾಲಿ ಡಬ್ಬಿ, ನಿಂತುಹೋದ ಸ್ಟೆಬಿಲೈಜರು, ಯಾವ ಬೀಗಕ್ಕೂ ಸೇರದ ಬೀಗದಕೈ ಗೊಂಚಲು ಹೊರಟವು. ಎಲ್ಲಕ್ಕೂ ಮುಖ ಅರಳುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಅವರ ಮನೆಯವರು ಬಾಗಿಲಲ್ಲಿ ನಿಂತು, "ಅಲ್ಲಾ ರೀ, ನಿಮ್ಮನ್ನ ಹಿಡ್ಕೊಂಡು ನೋಡಿದ್ರೆ ಅರಳೋದೋ ಕಳಿಸೋದೋ ಒಂದೂ ಗೊತ್ತಾಗ್ತಿಲ್ಲ" ಎಂದು ಹೇಳಿ ಒಳಗೆ ಹೋದರು.

ನಗುವವರು ಒಂದು ಮಾತು ಗಮನಿಸಬೇಕು. ರಾಯರ ತಲೆಮಾರು ಏನನ್ನೂ ಸುಮ್ಮನೆ ಕೊಂಡದ್ದಲ್ಲ, ಕಾದು ಪಡೆದದ್ದು. ಟೆಲಿಫೋನಿಗೆ ಅರ್ಜಿ ಹಾಕಿದರೆ ವರ್ಷಗಟ್ಟಲೆ ಕಾಯಬೇಕು. ಬೇಗ ಬೇಕಿದ್ದರೆ ಹೆಚ್ಚು ಠೇವಣಿ ಕಟ್ಟಿ ಬೇರೆ ಸಾಲಿನಲ್ಲಿ ನಿಲ್ಲಬೇಕು, ಅಲ್ಲಿಯೂ ಕಾಯಬೇಕು. ಗ್ಯಾಸಿಗೆ ಕಾಯಬೇಕು. ಸ್ಕೂಟರಿಗೆ ಕಾಯಬೇಕು. ಬೆಂಗಳೂರಿನ ಐಟಿಐ ಕಾರ್ಖಾನೆಯ ಕಪ್ಪು ಫೋನು ಮನೆಗೆ ಬಂದ ದಿನ ರಾಯರ ಮನೆಯಲ್ಲಿ ಹೋಳಿಗೆ ಮಾಡಿದ್ದರಂತೆ. ಬೀದಿಯವರೆಲ್ಲ ಬಂದು, ಯಾರಿಗೂ ಮಾಡುವುದಿಲ್ಲದಿದ್ದರೂ ಎತ್ತಿ ಕಿವಿಗಿಟ್ಟುಕೊಂಡು ಹೋದರಂತೆ. ಅಂಥ ಫೋನನ್ನು 'ಡೆಡ್ ಇದೆ, ಬಿಸಾಕು' ಎನ್ನುವ ಮಗನ ಮನೆಗೆ ಕೊತ್ತಂಬರಿ ಸೊಪ್ಪು ಹತ್ತು ನಿಮಿಷದಲ್ಲಿ ಬರುತ್ತದೆ. ಸುಲಭವಾಗಿ ಬಂದದ್ದನ್ನು ಸುಲಭವಾಗಿ ಬಿಡಬಹುದು. ಏಳು ವರ್ಷ ಕಾದವನಿಗೆ ಕಾದ ಏಳು ವರ್ಷವನ್ನೂ ಸೇರಿಸಿ ಬಿಸಾಡಿದಂತಾಗುತ್ತದೆ. ಇಷ್ಟು ಹೇಳಿದ ಮೇಲೂ ಸ್ಟೆಬಿಲೈಜರಿಗೆ ನನ್ನ ಬಳಿ ಸಮರ್ಥನೆಯಿಲ್ಲ.

ವಾದಕ್ಕೆ ನಿಂತರೆ ರಾಯರು ಕೌಟಿಲ್ಯನನ್ನೇ ಕರೆತರುತ್ತಾರೆ. ಮೈಸೂರಿನ ಓರಿಯಂಟಲ್ ಲೈಬ್ರರಿಗೆ 1905ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ತಾಳೆಗರಿಯ ಕಟ್ಟೊಂದನ್ನು ತಂದು ಒಪ್ಪಿಸಿದರು. ಆರ್. ಶಾಮಾಶಾಸ್ತ್ರಿಗಳು ಬಿಚ್ಚಿ ಓದಿದರೆ ಅರ್ಥಶಾಸ್ತ್ರ! 1909ರಲ್ಲಿ ಅಚ್ಚಾಯಿತು, ಜಗತ್ತಿನ ವಿದ್ವಾಂಸರೆಲ್ಲ ಬೆರಗಾದರು. ಇಷ್ಟು ಚರಿತ್ರೆ. ಇದರಿಂದ ರಾಯರು ತೆಗೆಯುವ ಸಾರ ಬೇರೆ: "ಆ ಪಂಡಿತರ ಮನೇಲಿ ನಮ್ಮ ಸೊಸೆಯಂಥೋಳು ಇದ್ದಿದ್ರೆ ಕೌಟಿಲ್ಯ ಬಚ್ಚಲು ಒಲೆಗೆ ಹೋಗ್ತಿದ್ದ ಸ್ವಾಮಿ!" ಈ ಧೈರ್ಯದ ಮೇಲೆ ಅವರು ತಮ್ಮ ಪತ್ರಿಕೆಗಳ ಭಂಡಾರವನ್ನು ಲೈಬ್ರರಿಗೆ ಒಪ್ಪಿಸಲು ಹೊರಟರು. 1956ರಿಂದ ಬರುತ್ತಿರುವ 'ಕಸ್ತೂರಿ', 1965ರಲ್ಲಿ ಶುರುವಾದ 'ಸುಧಾ', 1968ರ 'ಮಯೂರ', ಎಲ್ಲವೂ ತಂದೆಯವರ ಕಾಲದಿಂದ ಪೇರಿಸಿದ್ದು. ಲೈಬ್ರರಿಯವರು ಕಾಫಿ ಕೊಟ್ಟು, "ಸಾರ್, ನಮ್ಮಲ್ಲಿರೋದನ್ನ ಎಲ್ಲಿಡೋದು ಅಂತ ನಮಗೇ ಗೊತ್ತಾಗ್ತಿಲ್ಲ. ನಿಮ್ಮನೇಲಿ ಜಾಗ ಇದೆಯಾ?" ಎಂದು ಕೇಳಿದರು.

ವಾರಪತ್ರಿಕೆಯ ಧಾರಾವಾಹಿ ಹರಿದು ಬೈಂಡ್ ಮಾಡಿಸುವ ಪದ್ಧತಿ ನಮ್ಮ ಕಡೆ ಎಷ್ಟು ಮನೆಗಳಲ್ಲಿತ್ತೋ! ರಾಯರ ತಾಯಿ ಹಾಗೆ ಮಾಡಿಸಿಟ್ಟ ಒಂದು ಸಂಪುಟಕ್ಕೆ ಕೊನೆಯ ಕಂತು ಸೇರಿಲ್ಲ. ಆ ವಾರ ಪೇಪರಿನ ಹುಡುಗ ಜ್ವರ ಬಂದು ಮಲಗಿದ್ದನಂತೆ. ಕಥಾನಾಯಕಿ ಅಂದಿನಿಂದ ಅರಸೀಕೆರೆ ಸ್ಟೇಷನ್ನಿನಲ್ಲಿ ಟ್ರಂಕು ಹಿಡಿದು ನಿಂತೇ ಇದ್ದಾಳೆ. ಮುಂದೇನಾಯಿತೆಂದು ತಿಳಿಯದೆ ಆಕೆಯನ್ನು ಹಾಗೆ ಗುಜರಿಗೆ ಹಾಕುವುದು ಹೇಗೆ? ಆಕೆ 'ಒಯ್ಯುವುದು' ಕಾಲಂ ಸೇರಿದಳು. ಇದೊಂದು ತೀರ್ಮಾನಕ್ಕೆ ನನ್ನ ಪೂರ್ಣ ಒಪ್ಪಿಗೆ ಇದೆ.

ಮಗ ಗಡುವು ಹಾಕಿದ ಮೇಲೆ ಕೊಡುವ ಕಾಲಂಗೂ ಜೀವ ಬಂತು. ಅಲ್ಲಿ ಸೇರಿದ ವಸ್ತುವೆಂದರೆ ಮದುವೆಗೆ ಬಂದ ಮಗಳಿದ್ದ ಹಾಗೆ. ರಾಯರು ವರಾನ್ವೇಷಣೆಗೆ ಹೊರಟರು. ಗೋದ್ರೆಜ್ ಬೀರುವಿಗೆ ಮೊದಲು ಬಂದ ಸಂಬಂಧ ಪಕ್ಕದ ರಸ್ತೆಯ ಟ್ಯೂಷನ್ ಮೇಡಮ್ಮಿನದು. ರಾಯರು ಅವರ ಮನೆಗೆ ಹೋಗಿ ಗೋಡೆ ಮುಟ್ಟಿ ನೋಡಿದರು. ತೇವ ಇದೆಯೇ, ಪಶ್ಚಿಮದ ಬಿಸಿಲು ಬೀಳುತ್ತದೆಯೇ, ಟ್ಯೂಷನ್ನಿಗೆ ಬರುವ ಮಕ್ಕಳು ಸ್ಟಿಕ್ಕರ್ ಅಂಟಿಸುವ ಪೈಕಿಯೋ ಎಂದು ವಿಚಾರಿಸಿದರು.

"ನಿಮ್ಮದು ಬಾಡಿಗೆ ಮನೆ ಅಲ್ವೇನಮ್ಮಾ?"

"ಹೌದು ಸಾರ್."

"ಮನೆ ಬದಲಾಯಿಸೋವಾಗ ಬೀರುನ ಆಟೋದಲ್ಲಿ ಅಡ್ಡ ಮಲಗಿಸ್ತೀರೋ, ನಿಲ್ಲಿಸಿಕೊಂಡೇ ಹೋಗ್ತೀರೋ?"

ಮೇಡಂ ಯೋಚಿಸಿದರು. ಯೋಚಿಸಿದ್ದೇ ತಪ್ಪಾಯಿತು; ಸಂಬಂಧ ಮುರಿಯಿತು. ಕೊನೆಗೆ ಬೀರು ಮೂಲೆಯ ಇಸ್ತ್ರಿ ಅಂಗಡಿಯವನ ಪಾಲಾಯಿತು. ಅವನಿಗೆ ಸ್ವಂತ ಮಳಿಗೆ ಇತ್ತು, ಗುಣ ಒಳ್ಳೆಯದಿತ್ತು, ಮಿಗಿಲಾಗಿ ಅವನು ರಾಯರ ಮಾತಿಗೆ ಎದುರು ಆಡುತ್ತಿರಲಿಲ್ಲ. ಒಪ್ಪಿಸುವಾಗ ರಾಯರ ಕಣ್ಣು ಒದ್ದೆಯಾಯಿತು. ಬೀರುವಿಗೆ ಬೀಗದಕೈ ಎರಡು. ಅವನ ಕೈಗೆ ಒಂದನ್ನು ಹಾಕಿ, "ಇನ್ನೊಂದು ನನ್ನ ಹತ್ರ ಇರಲಿ ಕಣಯ್ಯಾ, ನೀನು ಕಳ್ಕೊಂಡ್ರೆ ಬೇಕಾಗತ್ತೆ" ಅಂದರು. ಆ ಇನ್ನೊಂದು ಈಗ ನೋಯ್ಡಾದಲ್ಲಿದೆ. ನಮ್ಮ ಬೀದಿಯವರ ಇಸ್ತ್ರಿಯಾದ ಪಂಚೆ, ಷರ್ಟುಗಳೆಲ್ಲ ಇರುವ ಬೀರುವಿನ ಅರ್ಧ ಅಧಿಕಾರ ಉತ್ತರ ಪ್ರದೇಶದ ಹದಿನಾಲ್ಕನೇ ಮಹಡಿಯಲ್ಲಿದೆ.

ಕೊಡುವ ಪ್ರತಿಯೊಂದು ವಸ್ತುವಿಗೂ ಬ್ಯಾಂಕಿನ ದುಂಡನೆಯ ಅಕ್ಷರದಲ್ಲಿ ಒಂದು ಚೀಟಿ ಇರುತ್ತಿತ್ತು. ಫ್ಯಾನಿಗೆ: 'ಮೂರರಲ್ಲಿಡಬೇಡಿ. ಎರಡರಲ್ಲಿ ಶಬ್ದ ಬಂದರೆ ನಾಲ್ಕಕ್ಕೆ ತಿರುಗಿಸಿ ಮತ್ತೆ ಎರಡಕ್ಕೆ ಬನ್ನಿ.' ಹಳೆಯ ಸುಮೀತ್ ಮಿಕ್ಸಿಗೆ: 'ಚಟ್ನಿಗೆ ಉತ್ತಮ. ಮುಚ್ಚಳ ಒತ್ತಿ ಹಿಡಿಯಲು ಎರಡನೆಯವರು ಬೇಕು.' ಚಕ್ಕುಲಿ ಒರಳಿಗೆ: 'ಗೋಕುಲಾಷ್ಟಮಿಗೆ ನಮ್ಮ ಕಡೆಯವರು ಕೇಳಿದರೆ ಕೊಡತಕ್ಕದ್ದು.' ಅದರ ಕೆಳಗೆ ಸಹಿ, ತಾರೀಖು. ಅಸಲು ನಿಮ್ಮ ಬಳಿ ಇರಬಹುದು, ಹಕ್ಕು ವರ್ಗಾವಣೆ ಆಗುವುದಿಲ್ಲ. ಸಾಲ ಕೊಟ್ಟು ಕೊಟ್ಟು ಪಳಗಿದ ಕೈ, ದಾನವನ್ನು ಬೇರೆ ರೀತಿ ಕೊಡಲು ಬಾರದು.

ನೇರವಾಗಿ ಮಾತಾಡಿದ್ದು ಮನೆಗೆಲಸದಾಕೆ ಒಬ್ಬಳೇ. ತೇಗದ ಜೋಡಿ ಮಂಚ ಒಯ್ಯಮ್ಮಾ ಎಂದರೆ, "ಬ್ಯಾಡಿ ಸ್ವಾಮಿ, ನಮ್ಮನೆ ಬಾಗ್ಲಲ್ಲಿ ನಾನೇ ಅಡ್ಡ ತಿರುಗಿ ಒಳಕ್ಕೋಗ್ಬೇಕು" ಅಂದಳು. ಸುಮೀತ್ ಮಿಕ್ಸಿ ಎಂದರೆ, "ಹಳೇದು ನೀವು ತಗೊಂಡೋಗಿ, ಹೊಸದಿದೆಯಲ್ಲಾ ಅದ್ನ ನಂಗೆ ಕೊಡಿ" ಅಂದಳು. ರಾಯರು ಇದನ್ನು ಬೀದಿಯವರಿಗೆಲ್ಲ ಅಚ್ಚರಿಯಿಂದ ಹೇಳಿಕೊಂಡು ತಿರುಗಿದರು. ನನಗೆ ಅದರಲ್ಲಿ ಅಚ್ಚರಿ ಕಾಣಲಿಲ್ಲ. ನಮಗೆ ಬೇಡವಾದದ್ದು ಬಡವರಿಗೆ ಬೇಕಾಗಿಯೇ ಇರುತ್ತದೆ ಎಂಬುದು ನಮ್ಮಂಥವರ ಹಳೆಯ ನಂಬಿಕೆ, ಮತ್ತು ಬಹಳ ಅನುಕೂಲದ ನಂಬಿಕೆ. ಆಕೆ ಬೇಡ ಅಂದದ್ದಕ್ಕೆ ಆಕೆಯ ಮನೆಯಲ್ಲಿ ಇವತ್ತು ಓಡಾಡಲು ಜಾಗವಿದೆ. "ಅಯ್ಯೋ, ಸಂತೋಷ ಸಾರ್" ಎಂದು ಹಲ್ಲು ಕಿರಿದ ನಾವು ಬೆತ್ತದ ಕುರ್ಚಿ ಎಡವುತ್ತಿದ್ದೇವೆ. ಕೆಲವು ದಿನ ಕಳೆದ ಮೇಲೆ, ರಾಯರು ಪೇಪರಿನಲ್ಲಿ ಸುತ್ತಿದ ಏನನ್ನೋ ಕಂಕುಳಲ್ಲಿಟ್ಟುಕೊಂಡು ಬರುವುದು ಕಂಡರೆ ಬೀದಿಯಲ್ಲಿ ಬಾಗಿಲುಗಳು ಮುಚ್ಚತೊಡಗಿದವು.

ಯೆಜ್ದಿಯ ಕತೆ ಬೇರೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿತು. ಅಲ್ಲಿಂದ ಹೊರಬಂದ ಒಂದು ಗಾಡಿಯನ್ನು ರಾಯರು ಇವತ್ತಿಗೂ ಹೊಳೆಯಿಸಿ ಇಟ್ಟಿದ್ದರು. ಒಂದೇ ಸನ್ನೆ, ಹಿಂದಕ್ಕಿದ್ದರೆ ಕಿಕ್ಕರು, ಮುಂದಕ್ಕೆ ಮಡಿಸಿದರೆ ಗೇರು. ರಾಯರಿಗೆ ಪ್ರಿಯವಾದ ಮಿತವ್ಯಯ ಅದು. ನೋಯ್ಡಾದಲ್ಲಿ ತರಕಾರಿಗೆ ಇದರಲ್ಲೇ ಹೋಗುವುದೆಂದು ಲೆಕ್ಕ ಹಾಕಿದ್ದರು. ರೈಲಿನ ಪಾರ್ಸೆಲ್ಲಿಗೆ ಹಾಕುವುದಾದರೆ ಟ್ಯಾಂಕಿನ ಪೆಟ್ರೋಲೆಲ್ಲ ಬಸಿದು ಗೋಣಿ ಸುತ್ತಬೇಕೆಂದು ತಿಳಿದುಕೊಂಡು, ಗೋಣಿಯನ್ನೂ ಒಗೆಸಿದ್ದರು. ಆಗ ಮಗ ಬಾಂಬು ಹಾಕಿದ. ದಿಲ್ಲಿ ಸುತ್ತಿನ ರಾಜಧಾನಿ ವಲಯದಲ್ಲಿ ಹದಿನೈದು ವರ್ಷ ದಾಟಿದ ಪೆಟ್ರೋಲ್ ಗಾಡಿ ಓಡಬಾರದೆಂದು ಹಸಿರು ನ್ಯಾಯಮಂಡಳಿ ಆದೇಶ ಮಾಡಿತ್ತು, 2018ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿದಿತ್ತು. ನೋಯ್ಡಾ ಅದೇ ವಲಯದಲ್ಲಿದೆ.

ರಾಯರು ಫೋನಿಟ್ಟು ಸ್ವಲ್ಪ ಹೊತ್ತು ಕೂತಿದ್ದು, "ನನಗೆ ಎಪ್ಪತ್ತೆರಡು. ನನ್ನನ್ನ ಬಿಟ್ಕೋತಾರಂತಾ ಕೇಳಬೇಕಿತ್ತು" ಅಂದರು.

ಯೆಜ್ದಿಗೆ ಮಾತ್ರ ವರಗಳು ಸಾಲುಗಟ್ಟಿ ನಿಂತವು. ಜಾವಾ, ಯೆಜ್ದಿ ಹುಚ್ಚಿನವರಿಗೆ ಮೈಸೂರಿನಲ್ಲಿ ಬರವೇ? ತಲೆಗೂದಲು ಕಟ್ಟಿಕೊಂಡ ಹುಡುಗನೊಬ್ಬ ರಾಯರು ಕನಸಿನಲ್ಲೂ ಎಣಿಸದ ಬೆಲೆ ಹೇಳಿದ. ಅದೇ ಎಡವಟ್ಟಾಯಿತು. ಇಷ್ಟು ಬೆಲೆ ಬಾಳುವುದಾದರೆ ಇನ್ನೂ ಇಟ್ಟುಕೊಳ್ಳುವುದು ಒಳ್ಳೆಯದಲ್ಲವೇ? ಯಾರೂ ಕೇಳದ ವಸ್ತುವನ್ನು ಯಾರಿಗೂ ಬೇಡ, ಪಾಪ, ಎಂದು ಇಟ್ಟುಕೊಳ್ಳುವುದು. ಎಲ್ಲರೂ ಕೇಳುವ ವಸ್ತುವನ್ನು ಎಲ್ಲರಿಗೂ ಬೇಕು, ನೋಡಿ, ಎಂದು ಇಟ್ಟುಕೊಳ್ಳುವುದು. ಯೆಜ್ದಿ ಭಾವಮೈದುನನ ಶೆಡ್ಡಿಗೆ ಹೋಯಿತು, ಚೀಟಿ ಸಮೇತ.

ಗುಜರಿಯವನು ಬಂದ ದಿನ ನೋಡಬೇಕಿತ್ತು. ತಳ್ಳುಗಾಡಿಯಲ್ಲಿ ಬಂದ ಅವನು ತೂಗುವ ಯಂತ್ರ ಹೊರತೆಗೆದ. ರಾಯರು ತಮ್ಮ ಯಂತ್ರ ಹೊರತೆಗೆದರು. ಎರಡಕ್ಕೂ ತಾಳೆಯಾಗದೆ, ಅಕ್ಕಿ ಅಂಗಡಿಯಿಂದ ಐದು ಕೆ.ಜಿ. ಬಟ್ಟು ತರಿಸಿ ಎರಡನ್ನೂ ಪರೀಕ್ಷಿಸಲಾಯಿತು. ಆಮೇಲೆ ಒಂದೊಂದೇ ಪೇಪರು ಕೊಡುವ ಮುಂಚೆ ರಾಯರು ತಲೆಬರಹ ಓದತೊಡಗಿದರು. "ಓಹೋ, ಇಂದಿರಾ ಗಾಂಧಿ ಚಿಕ್ಕಮಗಳೂರಲ್ಲಿ ಗೆದ್ದದ್ದು!" ಎಂದು 1978ರ ನವೆಂಬರಿನ ಪತ್ರಿಕೆಯೊಂದನ್ನು ಬದಿಗಿಟ್ಟರು. ಗುಜರಿಯವನು ನೆರಳಿಗೆ ಹೋಗಿ ಬೀಡಿ ಹಚ್ಚಿದ. ಕೆ.ಜಿ. ಲೆಕ್ಕದಲ್ಲಿ ಹೋಗಬೇಕಾದ್ದು ಹಾಳೆ ಲೆಕ್ಕದಲ್ಲಿ ಹೋಗುತ್ತಿತ್ತು. ಮಧ್ಯೆ ರಾಯರ ಕಣ್ಣು ಅವನ ಗಾಡಿಯೊಳಗೆ ಹೋಯಿತು. "ಇದೇನಯ್ಯಾ, ಆಲಿಗಢದ ಹಿತ್ತಾಳೆ ಬೀಗ! ಇಂಥದ್ದನ್ನ ಯಾವ ಪುಣ್ಯಾತ್ಮ ಎಸೆದ?" ಕೊನೆಯಲ್ಲಿ ಲೆಕ್ಕ ಮಾಡಿದರೆ, ರಾಯರೇ ಅವನಿಗೆ ನಲವತ್ತು ರೂಪಾಯಿ ಕೊಡಬೇಕಾಗಿ ಬಂತು. ಬೀಗಕ್ಕೆ ಬೀಗದಕೈ ಇರಲಿಲ್ಲ. ಪರವಾಗಿಲ್ಲ, ರಾಯರ ಬಳಿ ಗೊಂಚಲೇ ಇತ್ತಲ್ಲ.

ಗ್ಯಾಸ್ ಸಂಪರ್ಕ ಒಪ್ಪಿಸಿದ್ದು ಬೇಗ ಮುಗಿಯಿತು. ಸಿಲಿಂಡರು, ರೆಗ್ಯುಲೇಟರು ಕೊಟ್ಟರೆ 'ಟಿವಿ' ಕೊಡುತ್ತೇವೆಂದು ಏಜೆನ್ಸಿಯ ಹುಡುಗಿ ಹೇಳಿದಾಗ, "ಎಷ್ಟು ಇಂಚಿಂದು?" ಎಂದು ರಾಯರ ಮನೆಯವರು ಕೇಳಿದರಂತೆ. ಅದು ಬೇರೆ ಊರಿಗೆ ಹೋಗುವವರಿಗೆ ಕೊಡುವ ಟ್ರಾನ್ಸ್‌ಫರ್ ವೋಚರು. ಠೇವಣಿ, ಅಂದು ಎಷ್ಟು ಕಟ್ಟಿದ್ದರೋ ಅಷ್ಟೇ ಮರಳಿತು. ಬಡ್ಡಿಯಿಲ್ಲದ್ದನ್ನು ಕಂಡು ಹಳೆಯ ಬ್ಯಾಂಕಿನವರು ಬಹಳ ನೊಂದುಕೊಂಡರು.

ಎಲ್ಲ ಆರೋಪವನ್ನೂ ರಾಯರ ಮೇಲೆಯೇ ಹೊರಿಸುವುದು ಅನ್ಯಾಯ. ಅವರ ಮನೆಯವರು ಗಂಡನ ಸ್ಟೆಬಿಲೈಜರು ಕಂಡು ಹಣೆ ಚಚ್ಚಿಕೊಳ್ಳುತ್ತ, ಇತ್ತ ಅಡುಗೆಮನೆಯಲ್ಲಿ ಹಾರ್ಲಿಕ್ಸ್ ಸೀಸೆಗಳನ್ನು ಸದ್ದಿಲ್ಲದೆ ಸೀರೆಯಲ್ಲಿ ಸುತ್ತುತ್ತಿದ್ದರು. ದಸರಾ ಗೊಂಬೆಗಳ ಮಾತು ಎತ್ತಲು ಯಾರಿಗೂ ಧೈರ್ಯವಿರಲಿಲ್ಲ. ಅವರ ತವರಿನಿಂದ ಬಂದ ರಕ್ತಚಂದನದ ಪಟ್ಟದ ರಾಜ, ರಾಣಿಯಿಂದ ಹಿಡಿದು, ಪ್ರತಿ ವರ್ಷ ಒಂದಾದರೂ ಹೊಸದು ಸೇರಬೇಕೆಂಬ ನೇಮದಂತೆ ಕೊಂಡ ಚೆಟ್ಟಿ, ಚೆಟ್ಟಿಯಮ್ಮ, ಮದುವೆ ದಿಬ್ಬಣ, ಪೊಲೀಸು, ಕ್ರಿಕೆಟ್ ಟೀಮಿನವರೆಗೆ ಎಲ್ಲರೂ ಹಳೇ ಪಂಚೆಯ ತುಂಡಿನಲ್ಲಿ ಮಲಗಿ ಪೆಟ್ಟಿಗೆ ಸೇರಿದರು. "ಅಲ್ಲಿ ಗೊಂಬೆ ಕೂರ್ಸೋಕೆ ಜಾಗ ಎಲ್ಲಮ್ಮಾ?" ಎಂದು ಮಗ ಕೇಳಿದ್ದಕ್ಕೆ, "ನಿನ್ನ ಜಿಮ್ಮಿದೆಯಲ್ಲೋ" ಎಂದು ಮಾತು ಮುಗಿಸಿದರು. ಗಂಡ ಹೆಂಡತಿ ಇಬ್ಬರಲ್ಲಿ ಯಾರು ಹೆಚ್ಚು ಸಾಗಿಸಿದರು ಎಂದು ಕೇಳಿದರೆ ನನ್ನ ಮತ ಆಕೆಗೆ. ಆಕೆ ನೋಟ್‌ಬುಕ್ ಇಟ್ಟಿರಲಿಲ್ಲ.

ಪ್ಯಾಕರ್ಸ್‌ನ ಹುಡುಗರು ರಟ್ಟಿನ ಪೆಟ್ಟಿಗೆ, ಗುಳ್ಳೆ ಪ್ಲಾಸ್ಟಿಕ್ಕು, ಅಂಟುಪಟ್ಟಿ ಹಿಡಿದು ಬಂದರು. ವಿಮೆಗಾಗಿ ಪ್ರತಿಯೊಂದರ ಬೆಲೆ ಬರೆದುಕೊಡಿ ಎಂದಾಗ ರಾಯರು ಕಲ್ಲಿನ ರಥಗಳ ಮುಂದೆ 'ಬೆಲೆ ಕಟ್ಟಲಾಗದು' ಎಂದು ಬರೆದರು. "ಸಾರ್, ಕಂಪ್ಯೂಟರ್ ನಂಬರ್ ಬಿಟ್ಟು ಬೇರೇನೂ ತಗೊಳ್ಳಲ್ಲ" ಎಂದ ಹುಡುಗ. ಬಹಳ ಚೌಕಾಶಿಯ ನಂತರ ತಲಾ ಇನ್ನೂರ ಐವತ್ತಕ್ಕೆ ಇಳಿದರು. ಬೆಲೆ ಕಟ್ಟಲಾಗದ ವಸ್ತು ಅಷ್ಟಕ್ಕೆ ಇಳಿದದ್ದನ್ನು ನಾನು ಅಲ್ಲಿಯೇ ಕಂಡದ್ದು. ಗುಳ್ಳೆ ಪ್ಲಾಸ್ಟಿಕ್ಕಿನಲ್ಲಿ ಉಳಿದ ತುಂಡನ್ನು ರಾಯರು ಮಡಿಸಿ ಇಟ್ಟುಕೊಂಡರು.

ರೈಲಿನ ಎರಡನೇ ದರ್ಜೆ ಎಸಿಯಲ್ಲಿ ಒಬ್ಬೊಬ್ಬರಿಗೆ ಐವತ್ತು ಕೆ.ಜಿ. ಸಾಮಾನಿಗೆ ಅವಕಾಶವಿದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ರಾಯರಿಗೆ ಗೊತ್ತು. ಇಬ್ಬರಿಗೆ ನೂರಾಯಿತು. ನೂರರಲ್ಲಿ ತೊಂಬತ್ತೊಂಬತ್ತೂವರೆ ತೂಗಿಸಿ ಕಟ್ಟಿದರು. ಬೀಳ್ಕೊಡಲು ಹೋದ ನಾವೆಲ್ಲ ಒಂದೊಂದು ಗಂಟು ಹೊತ್ತು ಪ್ಲಾಟ್‌ಫಾರ್ಮಿನ ಉದ್ದಕ್ಕೂ ನಡೆದೆವು. ರೈಲು ಹೊರಟಾಗ ರಾಯರು ಕೈ ಬೀಸಲಿಲ್ಲ. ಸೀಟಿನ ಕೆಳಗೆ ಗಂಟು ಎಣಿಸುತ್ತಿದ್ದರು.

ಹೋಗಿದ್ದಾರೆ ಅಂತ ನೀವು ತಿಳಿದುಕೊಂಡರೆ ತಪ್ಪು. ಭಾನುವಾರ ಬೆಳಗಾದರೆ ನೋಯ್ಡಾದಿಂದ ಬೀದಿಗೆ ಫೋನು ಸುರುವಾಗುತ್ತದೆ, ನೋಟ್‌ಬುಕ್ಕಿನ ಕ್ರಮದಲ್ಲಿ, ಒಂದೊಂದೇ ಮನೆಗೆ. ಫ್ಯಾನು ಎರಡರಲ್ಲಿದೆಯೇ? ಬೆತ್ತ ಸಡಿಲವಾಯಿತೇ? ಇಸ್ತ್ರಿಯವನಿಗೆ ವಿಡಿಯೊ ಕಾಲು. ಅವನು ಫೋನು ಹಿಡಿದು ಬೀರುವಿನ ನಾಲ್ಕು ಮೂಲೆಯನ್ನೂ ತೋರಿಸಬೇಕು. ನೋಯ್ಡಾದ ಮನೆಯಲ್ಲಿ ಬಾಲ್ಕನಿಗೆ ಗಾಜು ಹಾಕಿಸಿ, ಮೇಲೆ ಹಲಗೆ ಹೊಡೆಸಿ ಅಟ್ಟದ ಹಾಗೆ ಏನೋ ಮಾಡಿಸಿದ್ದಾರಂತೆ. ಎದುರುಮನೆಯವರ ಏಣಿ ವಾಪಸ್ಸು ಬಂದಿಲ್ಲವೆಂದು ಎದುರುಮನೆಯವರು ಹೇಳುತ್ತಿದ್ದಾರೆ.

ನನ್ನ ಪಾಲಿಗೆ ಬಂದದ್ದು ಬಚ್ಚಲಿನ ತಾಮ್ರದ ಹಂಡೆ. ಎರಡು ಕೊಡ ನೀರು ಹಿಡಿಯುತ್ತದೆ, ಕಂಠದಲ್ಲಿ ಒಂದು ಸಣ್ಣ ನೆಗ್ಗು, ಸೋರುವುದಿಲ್ಲ. ನಮ್ಮ ಮನೆಯಲ್ಲಿ ಸೋಲಾರ್ ಇದೆ, ಹಂಡೆ ಒಲೆ ಇಲ್ಲ, ಆದರೂ ವಾರಕ್ಕೊಮ್ಮೆ ಹುಣಸೆಹಣ್ಣು ಹಾಕಿ ತಿಕ್ಕಿ ಫೋಟೊ ಕಳಿಸುವ ಷರತ್ತಿನ ಮೇಲೆ ನನ್ನಲ್ಲಿದೆ. ಓದುಗರಲ್ಲಿ ಯಾರಿಗಾದರೂ ಬೇಕಿದ್ದರೆ ದಯವಿಟ್ಟು ಬಂದು ಒಯ್ಯಿರಿ. ದುಡ್ಡು ಬೇಡ, ಆಟೋ ಬಾಡಿಗೆ ನನ್ನದು, ಒಂದು ವರ್ಷಕ್ಕಾಗುವಷ್ಟು ಹುಣಸೆಹಣ್ಣನ್ನೂ ಜೊತೆಗೆ ಕೊಡುತ್ತೇನೆ. ಭಾನುವಾರದ ಫೋನು ಮಾತ್ರ ನೀವೇ ಎತ್ತಬೇಕು.